ಪಂಜರ ಮಾಡುತ್ತಿದ್ದವರ ಕಾರು

ಬಫಲೋ ನಗರದ ಜಾರ್ಜ್ ಪಿಯರ್ಸ್ ಕಾರಿಗೆ ಕೈಹಾಕುವ ಮೊದಲು ಹಕ್ಕಿಯ ಪಂಜರ ಮಾಡಿ ಮಾರುತ್ತಿದ್ದ. ಕ್ಲೀವ್‌ಲ್ಯಾಂಡಿನ ಪೀರ್‌ಲೆಸ್ ಕಂಪನಿಯ ಮೊದಲ ಕಸುಬು ಒಗೆದ ಬಟ್ಟೆ ಹಿಂಡುವ ಯಂತ್ರ. ಅದೇ ಊರಿನ ವೈಟ್ ಮನೆತನದ್ದು ಹೊಲಿಗೆ ಮಷೀನಿನ ವ್ಯಾಪಾರ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿದ್ದ ಸ್ಟುಡಿಬೇಕರ್ ಅಣ್ಣತಮ್ಮಂದಿರು ಕುಲುಮೆಯವರು, ಕುದುರೆ ಗಾಡಿ ಕಟ್ಟುವವರು. ಮುಂದೆ ಈ ನಾಲ್ಕೂ ಕಡೆಯಿಂದ ಕಾರು ಹೊರಬಂತು. ಪಿಯರ್ಸ್-ಆ್ಯರೋ ಮತ್ತು ಪೀರ್‌ಲೆಸ್ ಅಂತೂ ಪ್ಯಾಕಾರ್ಡ್ ಜೊತೆ ಸೇರಿ ಸಿರಿವಂತರ ಬಾಯಲ್ಲಿ ‘ಮೂರು ಪಿ’ಗಳೆಂದು ಹೆಸರಾದವು. ಊರು ಮೊದಲು ಯಾವ ಕೆಲಸ ಕಲಿತಿತ್ತೋ ಅದರ ಗುರುತು ಆಮೇಲೆ ಅಲ್ಲಿ ಹುಟ್ಟಿದ ಕಾರಿನ ಮೈಮೇಲೆ ಉಳಿಯಿತು. ಅಮೆರಿಕದ ಬೇರೆ ಬೇರೆ ಪ್ರಾಂತಗಳ ಕಾರು ತಯಾರಿಕೆಯನ್ನು ಕುರಿತ ಪುಸ್ತಕಗಳಿವೆ. ಅವುಗಳ ರಸವಿರುವುದು ಆ ಗುರುತನ್ನು ಹುಡುಕುವುದರಲ್ಲಿ.

ಅಮೆರಿಕದ ಕಾರು ಎಂದೊಡನೆ ನಮಗೆ ನೆನಪಾಗುವುದು ಡೆಟ್ರಾಯಿಟ್, ಹೆನ್ರಿ ಫೋರ್ಡ್, ಜನರಲ್ ಮೋಟರ್ಸ್. ಆ ದೊಡ್ಡವರ ಚರಿತ್ರೆಗಳನ್ನು ಓದುವಾಗ ಗೆಲುವು ಮೊದಲೇ ಬರೆದಿಟ್ಟಂತಿರುತ್ತದೆ; ಮೊದಲ ಪುಟದಲ್ಲೇ ಕೊನೆಯ ಪುಟ ಕಾಣುತ್ತದೆ. ಪ್ರಾಂತಗಳ ಪುಸ್ತಕದಲ್ಲಿ ಆ ನಿಶ್ಚಿಂತೆ ಇಲ್ಲ. ಅಲ್ಲಿ ಎಲ್ಲರೂ ಈಗಷ್ಟೇ ಅಂಗಡಿ ತೆರೆದಿದ್ದಾರೆ. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ ಉಗಿಯಿಂದ ಓಡುವವು 1,681, ಬ್ಯಾಟರಿಯಿಂದ ಓಡುವವು 1,575. ಪೆಟ್ರೋಲಿನವು ಬರೀ 936. ಅಂದು ಯಾರಾದರೂ ಜಾಣ ಪೆಟ್ರೋಲಿನ ಮೇಲೆ ಹಣ ಹೂಡಿದ್ದರೆ ಅವನನ್ನು ಜಾಣ ಎನ್ನುವವರೇ ಇರುತ್ತಿರಲಿಲ್ಲ. ಈ ಅನಿಶ್ಚಯವನ್ನು ಕೆಡದಂತೆ ಕಾಪಾಡಿ ಓದುಗನ ಕೈಗೆ ಕೊಡುವುದು ಒಳ್ಳೆಯ ಪ್ರಾಂತೀಯ ಚರಿತ್ರೆಯ ಮೊದಲ ಗುಣ.

ಈ ಸಾಲಿನಲ್ಲಿ ನನಗೆ ಅಚ್ಚುಮೆಚ್ಚಿನದು ರಿಚರ್ಡ್ ವೇಗರ್ ಬರೆದ ‘ಗೋಲ್ಡನ್ ವೀಲ್ಸ್’. 1975ರಲ್ಲಿ ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ಹಿಸ್ಟಾರಿಕಲ್ ಸೊಸೈಟಿ ಇದನ್ನು ಪ್ರಕಟಿಸಿತು. 1892ರಿಂದ 1932ರವರೆಗೆ ಕ್ಲೀವ್‌ಲ್ಯಾಂಡ್ ಮತ್ತು ಈಶಾನ್ಯ ಒಹಾಯೋದಲ್ಲಿ ತಯಾರಾದ ಕಾರುಗಳು ಇದರ ವಸ್ತು. ನಲವತ್ತು ವರ್ಷ, ಒಂದು ಸೀಮೆ. ಅದರಾಚೆಗೆ ಹೋಗುವುದಿಲ್ಲ ಎಂದು ಲೇಖಕ ಹೆಸರಿನಲ್ಲೇ ಗಡಿ ಎಳೆದುಕೊಂಡಿದ್ದಾನೆ. ಎಳೆದುಕೊಂಡ ಗಡಿಯೊಳಗೆ ಸಿಗುವುದು ಮಾತ್ರ ಸಣ್ಣದಲ್ಲ.

ಕ್ಲೀವ್‌ಲ್ಯಾಂಡೇ ಏಕೆ? ಉತ್ತರ ಭೂಪಟದಲ್ಲಿದೆ. ಊರು ಈರಿ ಸರೋವರದ ದಂಡೆಯ ಮೇಲಿದೆ. ಸುಪೀರಿಯರ್ ಸರೋವರದ ಕಡೆಯ ಕಬ್ಬಿಣದ ಅದಿರು ಹಡಗಿನಲ್ಲಿ ಬಂದಿಳಿಯುತ್ತಿತ್ತು, ಅಪಲೇಚಿಯನ್ ಬೆಟ್ಟಗಳ ಕಲ್ಲಿದ್ದಲು ರೈಲಿನಲ್ಲಿ ಬರುತ್ತಿತ್ತು. ಎರಡೂ ಕೂಡಿದಲ್ಲಿ ಉಕ್ಕು ಆಗುತ್ತಿತ್ತು. ರಾಕ್‌ಫೆಲ್ಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ್ದು ಈ ಊರಿನಲ್ಲಿ. ಚಾರ್ಲ್ಸ್ ಬ್ರಷ್ 1879ರಲ್ಲಿ ಆರ್ಕ್ ದೀಪ ಹೊತ್ತಿಸಿ ಜನರನ್ನು ಬೆರಗುಗೊಳಿಸಿದ್ದು ಇಲ್ಲಿಯ ಪಬ್ಲಿಕ್ ಸ್ಕ್ವೇರಿನಲ್ಲಿ. ವಾರ್ನರ್ ಅಂಡ್ ಸ್ವೇಸಿಯ ಲೇತುಗಳು, ಶರ್ವಿನ್-ವಿಲಿಯಮ್ಸ್ ಬಣ್ಣ, ಓಣಿಗೊಂದರಂತೆ ಸೈಕಲ್ ಮತ್ತು ಹೊಲಿಗೆ ಮಷೀನಿನ ಕಾರ್ಖಾನೆ. ಹೊಲಿಗೆ ಮಷೀನು ಮಾಡುವವನಿಗೆ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಕಬ್ಬಿಣ ಕೊರೆಯುವುದು ಗೊತ್ತು, ಸೈಕಲ್ ಮಾಡುವವನಿಗೆ ಕೊಳವೆ ಬೆಸೆಯುವುದು ಗೊತ್ತು. ಕಾರು ಬಂದಾಗ ಈ ಊರು ಹೊಸದಾಗಿ ಏನನ್ನೂ ಕಲಿಯಬೇಕಿರಲಿಲ್ಲ. ಗೊತ್ತಿದ್ದುದನ್ನೆಲ್ಲ ಒಂದೆಡೆ ಕೂಡಿಸಿದರೆ ಸಾಕಾಗಿತ್ತು.

ಕೂಡಿಸಿದವರಲ್ಲಿ ಮೊದಲಿಗ ಅಲೆಕ್ಸಾಂಡರ್ ವಿಂಟನ್. ಸ್ಕಾಟ್ಲೆಂಡಿನಿಂದ ವಲಸೆ ಬಂದವ, ಸೈಕಲ್ ತಯಾರಕ, ಹಟಮಾರಿ. 1897ರಲ್ಲಿ ಕಾರಿನ ಕಂಪನಿ ತೆರೆದ. ಮರುವರ್ಷದ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಗಿರಾಕಿಯೊಬ್ಬನಿಗೆ 1,000 ಡಾಲರಿಗೆ ಒಂದು ಕಾರು ಮಾರಿದ. ಇಂಥ ಗಾಡಿ ದೂರ ಹೋದೀತು ಎಂದು ಜನ ನಂಬಲಿಲ್ಲ. ವಿಂಟನ್ ವಾದಕ್ಕೆ ನಿಲ್ಲಲಿಲ್ಲ; 1899ರ ಮೇ ತಿಂಗಳಲ್ಲಿ ‘ಪ್ಲೇನ್ ಡೀಲರ್’ ಪತ್ರಿಕೆಯ ವರದಿಗಾರ ಚಾರ್ಲ್ಸ್ ಶ್ಯಾಂಕ್ಸ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನ್ಯೂಯಾರ್ಕಿಗೆ ಹೊರಟ. ಕಾರು ಓಡುತ್ತಿತ್ತು, ಶ್ಯಾಂಕ್ಸ್ ದಾರಿಯುದ್ದಕ್ಕೂ ಸುದ್ದಿ ಕಳಿಸುತ್ತಿದ್ದ. ನ್ಯೂಯಾರ್ಕಿನಲ್ಲಿ ಕಾರು ನೋಡಲು ಜನಸಾಗರ ಸೇರಿತ್ತು. ಕಾರು ಮಾರುವುದಕ್ಕೆ ಕಾರಿನಷ್ಟೇ ಕಥೆಯೂ ಬೇಕು ಎಂಬುದನ್ನು ಅಮೆರಿಕ ಕಲಿತದ್ದು ಈ ಪ್ರಯಾಣದಿಂದ.

ವಿಂಟನ್ನನ ಹಟಕ್ಕೆ ಬೆಲೆಯೂ ಇತ್ತು. ಒಹಾಯೋದ ವಾರೆನ್ ಪಟ್ಟಣದಲ್ಲಿ ವಿದ್ಯುತ್ ಬಲ್ಬುಗಳ ಕಾರ್ಖಾನೆ ನಡೆಸುತ್ತಿದ್ದ ಜೇಮ್ಸ್ ವಾರ್ಡ್ ಪ್ಯಾಕಾರ್ಡ್ 1898ರಲ್ಲಿ ಒಂದು ವಿಂಟನ್ ಕಾರು ಕೊಂಡ. ಅದು ಕೆಟ್ಟು ಕೆಟ್ಟು ನಿಂತಿತು. ದೂರು ಹೇಳಲು ಬಂದವನಿಗೆ, ಅಷ್ಟು ಗೊತ್ತಿದ್ದರೆ ನೀನೇ ಒಂದು ಮಾಡಿಕೊ ಎಂಬರ್ಥದಲ್ಲಿ ವಿಂಟನ್ ಗದರಿದನಂತೆ. ಮಾತು ನಿಜವೋ, ಆಮೇಲೆ ಬೆಳೆದ ಕಥೆಯೋ, 1899ರ ನವೆಂಬರ್ 6ರಂದು ಪ್ಯಾಕಾರ್ಡ್ ಕಟ್ಟಿದ ಮೊದಲ ಕಾರು ವಾರೆನ್ನಿನ ಬೀದಿಗಿಳಿದದ್ದು ನಿಜ. 1903ರಲ್ಲಿ ಪ್ಯಾಕಾರ್ಡ್ ಕಂಪನಿ ಡೆಟ್ರಾಯಿಟ್‌ಗೆ ಗಂಟುಮೂಟೆ ಕಟ್ಟಿತು. ಅದಕ್ಕೂ ಮೊದಲು, 1901ರ ಅಕ್ಟೋಬರಿನಲ್ಲಿ, ಡೆಟ್ರಾಯಿಟ್ ಬಳಿಯ ಗ್ರಾಸ್ ಪಾಯಿಂಟಿನ ಪಂದ್ಯದಲ್ಲಿ ವಿಂಟನ್ನನನ್ನು ಸೋಲಿಸಿದವನು ಆಗ ಹೆಸರಿಲ್ಲದಿದ್ದ ಹೆನ್ರಿ ಫೋರ್ಡ್. ಆ ಗೆಲುವಿನ ಬಲದ ಮೇಲೆ ಫೋರ್ಡ್‌ಗೆ ಬಂಡವಾಳ ಕೊಡುವವರು ಸಿಕ್ಕರು. ಕ್ಲೀವ್‌ಲ್ಯಾಂಡಿನ ಕಡೆಯಿಂದ ಓದಿದಾಗ ಡೆಟ್ರಾಯಿಟ್‌ನ ಏಳಿಗೆ ವಿಂಟನ್ ಅಂಗಳದಿಂದ ಎದ್ದು ಹೋದವರ ಕಥೆಯಾಗಿ ಕಾಣುತ್ತದೆ.

1903ರಲ್ಲಿ ವೈದ್ಯ ಹೊರೇಷಿಯೊ ನೆಲ್ಸನ್ ಜಾಕ್ಸನ್ 50 ಡಾಲರ್ ಬಾಜಿ ಕಟ್ಟಿ, ಮೆಕ್ಯಾನಿಕ್ ಸೀವಾಲ್ ಕ್ರಾಕರ್ ಮತ್ತು ದಾರಿಯಲ್ಲಿ ಜೊತೆಯಾದ ಬಡ್ ಎಂಬ ನಾಯಿಯೊಂದಿಗೆ ಸ್ಯಾನ್‌ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಹೋದದ್ದು ವಿಂಟನ್ ಕಾರಿನಲ್ಲೇ. ಅಮೆರಿಕವನ್ನು ಅಡ್ಡಲಾಗಿ ದಾಟಿದ ಮೊದಲ ಕಾರು ಅದು. ಇಂದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ವಿಂಟನ್ ಅಧ್ಯಾಯ ನಮಗೆ ಹತ್ತಿರವಾಗುವುದು ಕಾರು ನಿಂತ ಮೇಲೆ. 1924ರಲ್ಲಿ ಕಾರು ತಯಾರಿಕೆ ಮುಗಿಯಿತು, ಎಂಜಿನ್ ಕಂಪನಿ ಉಳಿಯಿತು. ಅದನ್ನೂ, ಕ್ಲೀವ್‌ಲ್ಯಾಂಡಿನಲ್ಲೇ ಹುಟ್ಟಿದ ಎಲೆಕ್ಟ್ರೊ-ಮೋಟಿವ್ ಕಂಪನಿಯನ್ನೂ ಜನರಲ್ ಮೋಟರ್ಸ್ 1930ರಲ್ಲಿ ಕೊಂಡುಕೊಂಡಿತು. ವಿಂಟನ್ ಹೆಸರಿನ 201ಎ ಡೀಸೆಲ್ ಎಂಜಿನ್ 1934ರಲ್ಲಿ ‘ಪಯನಿಯರ್ ಜೆಫಿರ್’ ಎಂಬ ರೈಲನ್ನು ಓಡಿಸಿತು. ಅದರ ಬೆನ್ನಿಗೆ 567, 645, 710 ಎಂಬ ಎರಡು ಸ್ಟ್ರೋಕಿನ ಎಂಜಿನ್ನುಗಳು ಬಂದವು. ಕ್ಯಾಸಲ್‌ರಾಕ್ ಘಟ್ಟದಲ್ಲಿ ಸರಕು ರೈಲುಗಳನ್ನು ತಳ್ಳಿದ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಲೋಕೋಗಳ ಹೊಟ್ಟೆಯಲ್ಲಿರುವುದು ಇದೇ 710. ಕ್ಲೀವ್‌ಲ್ಯಾಂಡಿನ ಸೈಕಲ್ ಅಂಗಡಿಯಿಂದ ಹುಬ್ಬಳ್ಳಿ ಶೆಡ್ಡಿನವರೆಗೆ ಎಳೆ ಕಡಿಯದೆ ಬಂದಿದೆ.

ವಿಂಟನ್ ಪೆಟ್ರೋಲನ್ನು ನಂಬಿದರೆ ಪಕ್ಕದ ಓಣಿಯ ರೋಲಿನ್ ವೈಟ್ ಉಗಿಯನ್ನು ನಂಬಿದ. ದೊಡ್ಡ ಬಾಯ್ಲರಿನ ತುಂಬ ನೀರು ಕುದಿಸುವ ಬದಲು ಕೊಳವೆಯ ಸುರುಳಿಯಲ್ಲಿ ಆ ಹೊತ್ತಿಗೆ ಬೇಕಾದಷ್ಟನ್ನೇ ಉಗಿಯಾಗಿಸುವ ಉಪಾಯ ಅವನದು. ಇದರಿಂದ ಬಾಯ್ಲರ್ ಸಿಡಿಯುವ ಭಯ ತಗ್ಗಿತು. ಅಧ್ಯಕ್ಷ ಟಾಫ್ಟ್ 1909ರಲ್ಲಿ ಶ್ವೇತಭವನಕ್ಕೆ ತರಿಸಿದ ಕಾರುಗಳಲ್ಲಿ ವೈಟ್ ಉಗಿಕಾರೂ ಇತ್ತು. ಉಗಿಯ ಕಾಲ ಮುಗಿದ ಮೇಲೆ ವೈಟ್ ಕಂಪನಿ ಲಾರಿ, ಬಸ್ಸುಗಳಿಗೆ ತಿರುಗಿತು. 1930ರ ದಶಕದಲ್ಲಿ ಅದು ಮಾಡಿದ ಕೆಂಪು ಬಸ್ಸುಗಳು ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಇಂದಿಗೂ ಪ್ರವಾಸಿಗರನ್ನು ಕರೆದೊಯ್ಯುತ್ತವೆ.

ಮೂರನೆಯವ ವಾಲ್ಟರ್ ಬೇಕರ್, ಬ್ಯಾಟರಿಯ ಕಡೆಯವ. ಅವನ ಎಲೆಕ್ಟ್ರಿಕ್ ಕಾರಿಗೆ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಕಷ್ಟವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. 1902ರಲ್ಲಿ ‘ಟಾರ್ಪಿಡೊ’ ಎಂಬ ಚೂಪು ಮೂತಿಯ ಬ್ಯಾಟರಿ ಗಾಡಿಯಲ್ಲಿ ಅವನು ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ವೇಗದ ದಾಖಲೆಗೆ ಹೊರಟ. ಗಾಡಿ ಹಿಡಿತ ತಪ್ಪಿ ಜನರ ಮೇಲೆ ನುಗ್ಗಿತು. ಒಳಗೆ ಕುಳಿತಿದ್ದವರು ಉಳಿದರು, ನೋಡಲು ಬಂದವರು ಸತ್ತರು. ಎಲೆಕ್ಟ್ರಿಕ್ ಕಾರಿಗೆ ದೊಡ್ಡ ಪೆಟ್ಟು ಬಿದ್ದದ್ದು ಮಾತ್ರ ಬೇರೆ ಕಡೆಯಿಂದ, ಅದೂ ಒಹಾಯೋದಿಂದಲೇ. ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಮಾಡಿಕೊಟ್ಟ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಪೆಟ್ರೋಲ್ ಕಾರೂ ಒಂದು ಗುಂಡಿಯಲ್ಲಿ ಹೊರಡುವಂತಾಯಿತು. ಪೆಟ್ರೋಲಿಗೆ ಈ ಗೆಲುವು ತಂದುಕೊಟ್ಟ ಸ್ಟಾರ್ಟರಿನ ಒಳಗಿದ್ದದ್ದು ಮತ್ತೆ ಬ್ಯಾಟರಿ ಮತ್ತು ಮೋಟರೇ. ಬ್ಯಾಟರಿ ಕಾರು ಮರಳಿ ಬಂದಿರುವ ಈ ದಿನಗಳಲ್ಲಿ ಬೇಕರ್‌ನ ಪುಟಗಳು ಬರೆದಾಗ ಇದ್ದುದಕ್ಕಿಂತ ಹೆಚ್ಚು ಹೊಳಪಾಗಿವೆ.

ಕ್ಲೀವ್‌ಲ್ಯಾಂಡಿನ ಅತ್ಯಂತ ರಂಜಕ ವ್ಯಕ್ತಿ ನೆಡ್ ಜೋರ್ಡನ್. ಪತ್ರಕರ್ತನಾಗಿದ್ದವ, ಜಾಹೀರಾತು ಬರೆಯುತ್ತಿದ್ದವ. 1916ರಲ್ಲಿ ಕಾರು ಕಂಪನಿ ತೆರೆದ. ಎಂಜಿನ್ ಒಬ್ಬರದು, ಗೇರು ಇನ್ನೊಬ್ಬರದು, ಎಲ್ಲವನ್ನೂ ಕೊಂಡು ತಂದು ಜೋಡಿಸುತ್ತಿದ್ದ; ಅವನ ಸ್ವಂತದ್ದು ಬಣ್ಣ ಮತ್ತು ಮಾತು. 1923ರ ಜೂನ್‌ನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ನಲ್ಲಿ ‘ಪ್ಲೇಬಾಯ್’ ಎಂಬ ತನ್ನ ಕಾರಿಗೆ ಅವನು ಕೊಟ್ಟ ಜಾಹೀರಾತಿನಲ್ಲಿ ಕುದುರೆ ಸವಾರನ ಜೊತೆ ಸ್ಪರ್ಧೆಗಿಳಿದ ಹುಡುಗಿಯೊಬ್ಬಳು ಕಾರು ಓಡಿಸುತ್ತಾಳೆ. ಸಿಲಿಂಡರು ಎಷ್ಟು, ಬೆಲೆ ಎಷ್ಟು ಎಂಬ ಮಾತೇ ಇಲ್ಲ. ಜಾಹೀರಾತು ಬರೆಯುವ ಕಲೆಯೇ ಅಂದಿನಿಂದ ಬದಲಾಯಿತು ಎನ್ನುತ್ತಾರೆ. ಕಾರು 1931ಕ್ಕೆ ನಿಂತಿತು, ಜಾಹೀರಾತನ್ನು ಇಂದಿಗೂ ಪಾಠವಾಗಿ ಓದುತ್ತಾರೆ. ಹತ್ತಿರದ ಲೇಕ್‌ವುಡ್‌ನ ಟೆಂಪ್ಲರ್ ಕಂಪನಿಯವರದು ಇನ್ನೊಂದು ಶೋಕಿ: ಅವರ ರೋಡ್‌ಸ್ಟರಿನಲ್ಲಿ ದಿಕ್ಸೂಚಿಯೂ ಕೊಡಾಕ್ ಕ್ಯಾಮೆರಾವೂ ಸೇರಿ ಬರುತ್ತಿದ್ದವು. ಪೀರ್‌ಲೆಸ್‌ನ ಕೊನೆ ಇನ್ನೂ ವಿಚಿತ್ರ. 1931ರಲ್ಲಿ ಅಲ್ಯೂಮಿನಿಯಂ ಮೈಯ, ಹದಿನಾರು ಸಿಲಿಂಡರಿನ ಒಂದು ಅದ್ಭುತ ಮಾದರಿಯನ್ನು ಕಟ್ಟಿ ಕಂಪನಿ ಕಾರು ತಯಾರಿಕೆಗೆ ಬಾಗಿಲು ಹಾಕಿತು. ಪಾನನಿಷೇಧ ತೆರವಾದೊಡನೆ ಅದೇ ಕಾರ್ಖಾನೆಯಲ್ಲಿ ಬಿಯರ್ ತಯಾರಿಸತೊಡಗಿತು. ಬಟ್ಟೆ ಹಿಂಡುವ ಯಂತ್ರದಿಂದ ಸೈಕಲ್, ಸೈಕಲ್‌ನಿಂದ ಕಾರು, ಕಾರಿನಿಂದ ಬಿಯರ್. ಯಾವ ಕಾದಂಬರಿಕಾರನೂ ಹೀಗೆ ಬರೆಯಲು ಧೈರ್ಯ ಮಾಡಲಾರ.

ಇಂಥ ಪುಸ್ತಕಗಳ ಚಿತ್ರಗಳ ಬಗ್ಗೆ ಒಂದು ಮಾತು. ಕಾರಿನ ಚಿತ್ರ ಎಲ್ಲೆಡೆ ಸಿಗುತ್ತದೆ. ಇಲ್ಲಿ ಸಿಗುವುದು ಕಾರ್ಖಾನೆಯ ಬಾಗಿಲಲ್ಲಿ ಟೋಪಿ ಹಾಕಿ ಸಾಲಾಗಿ ನಿಂತ ಕೆಲಸಗಾರರು, ಇನ್ನೂ ಡಾಂಬರು ಕಾಣದ ರಸ್ತೆ, ಗೋಡೆಯ ಮೇಲೆ ಕಂಪನಿಯ ಹೆಸರು, ಹಿನ್ನೆಲೆಯಲ್ಲಿ ಕುದುರೆ ಗಾಡಿ. ಕಣ್ಣು ಕಾರನ್ನು ಬಿಟ್ಟು ಅಂಚಿನ ಕಡೆ ಸರಿದಾಗ ಪುಸ್ತಕ ಬಾಯಿ ಬಿಡುತ್ತದೆ.

ಬೆವರ್ಲಿ ರೇ ಕೈಮ್ಸ್ ಮತ್ತು ಹೆನ್ರಿ ಆಸ್ಟಿನ್ ಕ್ಲಾರ್ಕ್ ಸೇರಿ ಮಾಡಿದ ‘ಸ್ಟ್ಯಾಂಡರ್ಡ್ ಕ್ಯಾಟಲಾಗ್ ಆಫ್ ಅಮೆರಿಕನ್ ಕಾರ್ಸ್’ ವೇಗರ್‌ನ ಪುಸ್ತಕಕ್ಕೆ ಪೂರಾ ವಿರುದ್ಧ ಬಗೆಯದು. 1805ರಿಂದ 1942ರವರೆಗಿನ ಸಾವಿರಾರು ಅಮೆರಿಕನ್ ಕಾರುಗಳು ಅಕಾರಾದಿಯಲ್ಲಿ ಇಲ್ಲಿವೆ: ಹೆಸರು, ಊರು, ವರ್ಷ, ಕೆಳಗೆ ಪುಟ್ಟ ವೃತ್ತಾಂತ. ಮೊದಲಿಂದ ಕೊನೆಯವರೆಗೆ ಓದುವ ಪುಸ್ತಕವಲ್ಲ. ಪಂಚಾಂಗದ ಹಾಗೆ ಬೇಕಾದಾಗ ತೆರೆದು ಬೇಕಾದಷ್ಟು ನೋಡುವುದು. ಕೈಮ್ಸ್‌ಗೆ ಹಾಸ್ಯಪ್ರಜ್ಞೆ ಇತ್ತು, ಸೋತವರ ಬಗ್ಗೆ ಮರುಕವೂ ಇತ್ತು. ಆದ್ದರಿಂದ ಕಾಗದದ ಮೇಲಷ್ಟೇ ಇದ್ದ ಕಂಪನಿಯೂ, ಒಂದೇ ಕಾರು ಕಟ್ಟಿ ಮುಳುಗಿದವನೂ ಇಲ್ಲಿ ಗೌರವದ ಎರಡು ಸಾಲು ಪಡೆಯುತ್ತಾರೆ. ಬರೀ ಊರಿನ ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋಗಿ: ಕೋಕೋಮೋ, ಸಿರಕ್ಯೂಸ್, ಸೇಂಟ್ ಲೂಯಿಸ್, ಹಾರ್ಟ್‌ಫರ್ಡ್, ಕನೋಶಾ. ಒಂದು ಕಾಲಕ್ಕೆ ಕಾರು ಕಟ್ಟದ ಪಟ್ಟಣವೇ ಇರಲಿಲ್ಲವೇನೋ ಅನಿಸುತ್ತದೆ.

ಗ್ರಿಫಿತ್ ಬೋರ್ಗ್‌ಸನ್ 1984ರಲ್ಲಿ ಬರೆದ ಎರೆಟ್ ಲೋಬನ್ ಕಾರ್ಡ್‌ನ ಜೀವನಚರಿತ್ರೆಯ ಸೊಗಸು ಇನ್ನೊಂದು ಬಗೆಯದು. ಕಾರ್ಡ್ ಶಿಕಾಗೋದಲ್ಲಿ ಸೇಂಟ್ ಲೂಯಿಸ್‌ನ ‘ಮೂನ್’ ಕಾರುಗಳನ್ನು ಮಾರುತ್ತಿದ್ದವ. 1924ರಲ್ಲಿ ಇಂಡಿಯಾನಾದ ಆಬರ್ನ್ ಎಂಬ ಸಣ್ಣ ಪಟ್ಟಣಕ್ಕೆ ಬಂದು, ಮುಳುಗುತ್ತಿದ್ದ ಅಲ್ಲಿಯ ಕಾರು ಕಂಪನಿಯ ಚುಕ್ಕಾಣಿ ಹಿಡಿದ. ಇಂಡಿಯಾನಾಪೊಲಿಸ್‌ನ ಡ್ಯೂಸನ್‌ಬರ್ಗ್ ಅಣ್ಣತಮ್ಮಂದಿರ ಕಂಪನಿಯನ್ನೂ ತನ್ನದಾಗಿಸಿಕೊಂಡ. 1928ರ ಕೊನೆಗೆ ಬಂದ ಡ್ಯೂಸನ್‌ಬರ್ಗ್ ಜೆ ಮಾದರಿಗೆ 265 ಅಶ್ವಶಕ್ತಿ ಎಂದು ಕಂಪನಿ ಸಾರಿತು. ಅದರ ಇನ್ನೂ ಬಲವಾದ ಎಸ್‌ಜೆ ಮಾದರಿಯನ್ನು ಇಂದೂರಿನ ಯಶವಂತರಾವ್ ಹೋಳ್ಕರ್ ತರಿಸಿಕೊಂಡರು. 1935ರ ನವೆಂಬರಿನಲ್ಲಿ ನ್ಯೂಯಾರ್ಕ್ ಪ್ರದರ್ಶನಕ್ಕೆ ಬಂದ ಕಾರ್ಡ್ 810 ಗಾರ್ಡನ್ ಬ್ಯೂರಿಗ್‌ನ ವಿನ್ಯಾಸ: ಕಾಲಿಡುವ ಹಲಗೆ ಇಲ್ಲ, ಎದ್ದು ಕಾಣುವ ರೇಡಿಯೇಟರ್ ಇಲ್ಲ, ಹೆಡ್‌ಲೈಟ್‌ಗಳು ಮಡ್‌ಗಾರ್ಡಿನೊಳಗೆ ಅಡಗಿವೆ. ಆ ದೀಪಗಳು ಕಾರ್ಡ್‌ನದೇ ಆಗಿದ್ದ ಸ್ಟಿನ್ಸನ್ ಕಂಪನಿಯ ವಿಮಾನಗಳು ನೆಲಕ್ಕಿಳಿಯುವಾಗ ಹೊತ್ತಿಸುವ ದೀಪಗಳು. ಕೈಯಿಂದ ಹಿಡಿ ತಿರುಗಿಸಿ ಮೇಲೆತ್ತಬೇಕು. ಎರಡು ವರ್ಷ ತುಂಬುವುದರೊಳಗೆ ಎಲ್ಲ ಮುಗಿಯಿತು. ಆಬರ್ನ್‌ನಲ್ಲಿ 1930ರಲ್ಲಿ ಕಟ್ಟಿದ ಕಂಪನಿಯ ಶೋರೂಮ್ 1974ರಿಂದ ವಸ್ತುಸಂಗ್ರಹಾಲಯವಾಗಿದೆ. ಬೋರ್ಗ್‌ಸನ್‌ಗೆ ಯಂತ್ರದ ಮೇಲೆ ಮೋಹ, ಕಾರ್ಡ್ ಎಂಬ ಮನುಷ್ಯನ ಮೇಲೆ ಕುತೂಹಲ. ಊರಿನ ಮೇಲೆ ಅಷ್ಟಿಲ್ಲ. ಪುಸ್ತಕ ಭವ್ಯವಾಗಿದೆ, ಸ್ವಲ್ಪ ಒಂಟಿಯಾಗಿದೆ.

ಈ ಬಗೆಯ ಪುಸ್ತಕಗಳಿಗೊಂದು ಸಾಮಾನ್ಯ ದೋಷವಿದೆ: ನಮ್ಮೂರೇ ಮೊದಲು ಎಂಬ ಹಟ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನವರು 1893ರ ಡ್ಯುರಿಯೆ ಗಾಡಿಯನ್ನು ತೋರಿಸುತ್ತಾರೆ. ಕೋಕೋಮೋದವರು 1894ರ ಜುಲೈ 4ರಂದು ಪಂಪ್‌ಕಿನ್‌ವೈನ್ ರಸ್ತೆಯಲ್ಲಿ ಓಡಿದ ಎಲ್ವುಡ್ ಹೇನ್ಸ್‌ನ ಗಾಡಿಗೆ ಪಟ್ಟ ಕಟ್ಟುತ್ತಾರೆ. ಒಹಾಯೋದವರು ಜಾನ್ ಲ್ಯಾಂಬರ್ಟ್‌ನ 1891ರ ಮೂರು ಗಾಲಿಯ ಗಾಡಿಯನ್ನು ಮುಂದಿಡುತ್ತಾರೆ. ಈ ಜಗಳದಲ್ಲಿ ಪುಟಗಳು ತುಂಬುತ್ತವೆ, ರಸ ಒಣಗುತ್ತದೆ. ಎರಡನೆಯ ದೋಷ ಇನ್ನೂ ದೊಡ್ಡದು: ಅಭಿಮಾನದಲ್ಲಿ ಲೆಕ್ಕ ಮರೆಯುವುದು. ಕಂಪನಿ ಮುಚ್ಚಿತು ಎಂಬಲ್ಲಿ ಅಧ್ಯಾಯ ಮುಗಿಯುತ್ತದೆ. ಮರುದಿನ ಬೆಳಗ್ಗೆ ಕೆಲಸಗಾರ ಎಲ್ಲಿಗೆ ಹೋದ ಎಂದು ಯಾರೂ ಕೇಳುವುದಿಲ್ಲ.

ಕೇಳಿದವನು ಡೊನಾಲ್ಡ್ ಕ್ರಿಚ್‌ಲೋ. 1996ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಮುದ್ರಣಾಲಯ ತಂದ ಅವನ ಸ್ಟುಡಿಬೇಕರ್ ಚರಿತ್ರೆಯಲ್ಲಿ ಕಂಪನಿಯ ಬಾಳೂ ಸಾವೂ ಎರಡೂ ಇವೆ. 1852ರ ಫೆಬ್ರವರಿಯಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ 68 ಡಾಲರ್ ಬಂಡವಾಳದಲ್ಲಿ ಸೌತ್ ಬೆಂಡ್‌ನಲ್ಲಿ ಕುಲುಮೆ ಹಾಕಿದರು. ತಮ್ಮ ಜಾನ್ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಚಿನ್ನ ಅಗೆಯುವವರಿಗೆ ಒಂಟಿಗಾಲಿಯ ತಳ್ಳುಬಂಡಿ ಮಾಡಿ ಮಾರಿ, 8,000 ಡಾಲರಿನೊಡನೆ ಮರಳಿದ. ಆ ಹಣದಿಂದ ಗಾಡಿ ಕಾರ್ಖಾನೆ ಬೆಳೆಯಿತು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಗಾಡಿ ಒದಗಿಸಿತು. 1902ರಲ್ಲಿ ಎಲೆಕ್ಟ್ರಿಕ್, 1904ರಲ್ಲಿ ಪೆಟ್ರೋಲ್ ಕಾರಿಗೆ ಇಳಿಯಿತು. 1953ರ ಕೂಪೆಯ ತಗ್ಗಾದ, ನೀಳವಾದ ಮೈಕಟ್ಟು ಇಂದಿಗೂ ಕಣ್ಣು ತಣಿಸುತ್ತದೆ. 1962ರಲ್ಲಿ ಬಂದ ‘ಅವಾಂತಿ’ಯೂ ಹಾಗೆಯೇ. ಥಾಮಸ್ ಬಾನ್‌ಸಾಲ್‌ನ 2000ದ ಪುಸ್ತಕ ‘ಮೋರ್ ದ್ಯಾನ್ ದೇ ಪ್ರಾಮಿಸ್ಡ್’ ಈ ಕಾರುಗಳನ್ನು ಮನಸ್ಸು ತುಂಬ ನೋಡಿಸುತ್ತದೆ. ಕ್ರಿಚ್‌ಲೋ ನೋಡಿಸುವುದು ಕಾರ್ಖಾನೆಯ ಒಳಗನ್ನು: ಮಾಲೀಕರಿಗೂ ಕಾರ್ಮಿಕ ಸಂಘಕ್ಕೂ ಇದ್ದ ಸಲಿಗೆ, ಆ ಸಲಿಗೆಯೇ ಕೊನೆಗೆ ಖರ್ಚಿನ ಹೊರೆಯಾದದ್ದು, ಊರು ಮತ್ತು ಕಂಪನಿ ಒಂದನ್ನೊಂದು ಬಿಡಲಾಗದೆ ಸಿಕ್ಕಿಕೊಂಡದ್ದು.

1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಕಾರ್ಖಾನೆ ನಿಂತಿತು. ಪಿಂಚಣಿ ನಿಧಿಯಲ್ಲಿ ಹಣ ಸಾಲಲಿಲ್ಲ. ಆಗಲೇ ನಿವೃತ್ತರಾದವರಿಗೆ ಪೂರಾ ಸಿಕ್ಕಿತು. ನಲವತ್ತು ದಾಟಿ ಅರವತ್ತು ಮುಟ್ಟದ ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರಿಗೆ ಬರಬೇಕಾದುದರಲ್ಲಿ ಶೇ. 15ರಷ್ಟು, ಅದಕ್ಕಿಂತ ಚಿಕ್ಕವರಿಗೆ ಏನೂ ಇಲ್ಲ. ಈ ಅನ್ಯಾಯ ದೇಶದ ಕಣ್ಣು ತೆರೆಸಿತು. 1974ರಲ್ಲಿ ಅಮೆರಿಕದ ಸಂಸತ್ತು ಖಾಸಗಿ ಪಿಂಚಣಿಗಳನ್ನು ಕಾಯುವ ಕಾನೂನು ಮಾಡಿತು. ಕಂಪನಿಯ ಕೊನೆಯ ಕಾರು 1966ರ ಮಾರ್ಚ್‌ನಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ತಯಾರಾಯಿತು.

ಓದುವವರಿಗೆ ನನ್ನ ಸಲಹೆ ಇಷ್ಟು. ವೇಗರ್‌ನಿಂದ ಶುರುಮಾಡಿ, ಒಂದು ಊರು ಹುರುಪಿನಲ್ಲಿದ್ದಾಗ ಹೇಗಿರುತ್ತದೆ ಎಂದು ತಿಳಿಯುತ್ತದೆ. ಬಾನ್‌ಸಾಲ್, ಬೋರ್ಗ್‌ಸನ್‌ರಲ್ಲಿ ಕಣ್ಣಿಗೆ ಹಬ್ಬ ಮಾಡಿಕೊಳ್ಳಿ. ಕೈಮ್ಸ್‌ಳ ಕ್ಯಾಟಲಾಗು ಕೈಗೆಟುಕುವಲ್ಲಿರಲಿ. ಕ್ರಿಚ್‌ಲೋನನ್ನು ಕೊನೆಗೆ ಓದಿ. ಮೊದಲು ಅವನನ್ನು ಓದಿದರೆ ಉಳಿದವರು ಬರೀ ಹೊಗಳುಭಟರಾಗಿ ಕಾಣುತ್ತಾರೆ, ಅದು ಅವರಿಗೆ ಮಾಡುವ ಅನ್ಯಾಯ. ಅವನನ್ನು ಓದದೆ ಬಿಟ್ಟರೆ ಆ ಕಾರುಗಳನ್ನು ಕಟ್ಟಿದ ಕೈಗಳಿಗೆ ಮಾಡುವ ಅನ್ಯಾಯ. ಇವರಲ್ಲಿ ಒಬ್ಬನನ್ನೇ ಆರಿಸು ಎಂದರೆ ನಾನು ಆರಿಸುವುದು ಕ್ರಿಚ್‌ಲೋನನ್ನು.